ಜಮ್ಮದ ನೆಲವೂ ಮುಪ್ಪಿನ ಆಸರೆಯೂ

ಕೊಡಗಿನ ಬೆಟ್ಟಗಳಲ್ಲೆಲ್ಲ ಎತ್ತರವಾದ ತಡಿಯಂಡಮೋಳಿನ ಬುಡದಲ್ಲಿ ಕಕ್ಕಬೆ ಎಂಬ ಊರಿದೆ. ಶಿಖರದ ಎತ್ತರ 1748 ಮೀಟರು. ಊರು ಮಾತ್ರ ಕಣಿವೆಯಲ್ಲಿ ಹುದುಗಿದೆ. ಒಂದು ಕಾಲಕ್ಕೆ ಜೇನಿಗಾಗಿ ಹೊರನಾಡುಗಳಲ್ಲೂ ಹೆಸರಾಗಿದ್ದ ಸ್ಥಳವಿದು. ಪಾಡಿ ಇಗ್ಗುತ್ತಪ್ಪನ ಗುಡಿ ಇರುವುದು ಇಲ್ಲಿಯೇ. ಪುತ್ತರಿಯಂದು ಕದಿರು ತೆಗೆಯುವ ಗಳಿಗೆ ಆ ದೇವರ ಸನ್ನಿಧಿಯಲ್ಲಿ ಗೊತ್ತಾಗದೆ ನಾಡಿಗೆ ಹಬ್ಬವಿಲ್ಲ. ದೊಡ್ಡವೀರರಾಜೇಂದ್ರನು 1792ರಲ್ಲಿ ಕಟ್ಟಲು ತೊಡಗಿದ ನಾಲ್ಕುನಾಡಿನ ಅರಮನೆಯೂ ಇಲ್ಲಿಗೆ ಹತ್ತಿರದಲ್ಲೇ ಇದೆ. ಕೊನೆಯ ಅರಸ ಚಿಕ್ಕವೀರರಾಜನು 1834ರಲ್ಲಿ ಇಂಗ್ಲಿಷರಿಗೆ ವಶನಾಗುವುದಕ್ಕೆ ಮುಂಚೆ ಅಡಗಿದ್ದುದು ಈ ಅರಮನೆಯಲ್ಲಿಯೇ. ಅರಮನೆಯೆಂದರೆ ವೈಭವದ ಕಟ್ಟಡವೆಂದು ಎಣಿಸಬಾರದು. ಕಾಡಿನ ನಡುವೆ ಹಂಚು ಹೊದೆಸಿದ, ಚಿತ್ರ ಬರೆದ ಗೋಡೆಗಳ, ತಪ್ಪಿಸಿಕೊಳ್ಳುವುದಕ್ಕೆ ಅನುಕೂಲವಾದ ಒಂದು ಮನೆ.

ಇಂಥ ಊರನ್ನು ಮುಂದಿಟ್ಟುಕೊಂಡು ಪಟ್ಟಣಗಳ ಒಂದು ಹೊಸ ತಕರಾರನ್ನು ಕುರಿತು ಮಾತನಾಡುವುದು ವಿಚಿತ್ರವಾಗಿ ಕಾಣಬಹುದು. ಬೇಸಾಯಕ್ಕೆಂದೋ ಒಂಟಿ ಮನೆಗಳಿಗೆಂದೋ ಗೊತ್ತುಮಾಡಿದ ಜಾಗದಲ್ಲಿ ವಯಸ್ಸಾದವರಿಗಾಗಿ ಆರೈಕೆಯುಳ್ಳ ವಸತಿಗಳನ್ನು ಕಟ್ಟಲು ಅಪ್ಪಣೆ ಕೊಡಬಹುದೆ, ಕೂಡದೆ? ಪೌರಸಭೆಗಳ ಮುಂದೆ ದೇಶವಿದೇಶಗಳಲ್ಲಿ ಈ ಪ್ರಶ್ನೆ ಬರುತ್ತಿದೆ. ನೆರೆಯವರು ಬಂದು, ವಾಹನಗಳ ಓಡಾಟ ಹೆಚ್ಚುತ್ತದೆ, ನೀರು ಸಾಲದಾಗುತ್ತದೆ, ಬೀದಿಯ ಲಕ್ಷಣ ಕೆಡುತ್ತದೆ ಎನ್ನುತ್ತಾರೆ. ಅರ್ಜಿದಾರನು, ಮುದುಕರಿಗೆ ಎಲ್ಲಾದರೂ ಒಂದು ಕಡೆ ಇರಬೇಕಲ್ಲ ಎನ್ನುತ್ತಾನೆ. ಎರಡೂ ಮಾತು ನಿಜ. ಕೊಡಗಿನಲ್ಲಿ ನೆಲದ ಉಪಯೋಗಕ್ಕೂ ಮುಪ್ಪಿನ ಆಸರೆಗೂ ಬಹಳ ಹಿಂದಿನಿಂದ ಒಂದು ಗಂಟು ಬಿದ್ದಿದೆ. ಆ ಗಂಟು ಹೇಗೆ ಬಿತ್ತು, ಹೇಗೆ ಸಡಿಲವಾಯಿತು ಎಂಬುದನ್ನು ಬಲ್ಲವರಿಗೆ ಈ ತಕರಾರಿನ ಒಳಗು ತಿಳಿದೀತು.

ನೆಲವನ್ನು ಇಂಥದಕ್ಕೇ ಬಳಸತಕ್ಕದ್ದು ಎಂದು ಕಾಗದದ ಮೇಲೆ ಬಣ್ಣ ಹಾಕಿ ಗೆರೆ ಎಳೆಯುವ ಪದ್ಧತಿ ತೀರ ಹಳೆಯದಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರ 1891ರಲ್ಲಿ ಇದನ್ನು ಕ್ರಮವಾಗಿ ಆಚರಣೆಗೆ ತಂದಿತು. ನ್ಯೂಯಾರ್ಕ್ ನಗರ ತನ್ನ ಕಟ್ಟಳೆಯನ್ನು ಮಾಡಿದ್ದು 1916ರಲ್ಲಿ. ಓಹಾಯೊ ಸಂಸ್ಥಾನದ ಯೂಕ್ಲಿಡ್ ಎಂಬ ಸಣ್ಣ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1926ರಲ್ಲಿ ಊರಿನ ಪರವಾಗಿ ತೀರ್ಪು ಕೊಟ್ಟಿತು. ಕಾರ್ಖಾನೆಗಳನ್ನಷ್ಟೇ ಅಲ್ಲ, ಹಲವು ಸಂಸಾರಗಳು ಒಟ್ಟಿಗೆ ವಾಸಿಸುವ ದೊಡ್ಡ ಕಟ್ಟಡಗಳನ್ನೂ ಒಂಟಿ ಮನೆಗಳ ಬೀದಿಯಿಂದ ದೂರವಿಡಬಹುದೆಂದು ಆ ತೀರ್ಪಿನಿಂದ ಸ್ಥಿರಪಟ್ಟಿತು. ವೃದ್ಧರ ವಸತಿಗಳಿಗೆ ಅಲ್ಲಿ ಇಂದಿಗೂ ವಿಶೇಷ ಅಪ್ಪಣೆ ಬೇಕಾಗುವ ಕಷ್ಟದ ಬೇರು ಬಹುಮಟ್ಟಿಗೆ ಇಲ್ಲಿದೆ. ನಮ್ಮ ಕಡೆ ಈ ವಿಚಾರಕ್ಕೆ ಚಾಲನೆ ಕೊಟ್ಟದ್ದು 1898ರ ಪ್ಲೇಗು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳು ಎದ್ದುವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಬಂದಿತು. ಆ ಮೇಲೆ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ.

ಆದರೆ ನಕ್ಷೆಯಿಲ್ಲದೆಯೂ ನೆಲಕ್ಕೆ ಉಪಯೋಗವನ್ನು ಕಟ್ಟಿಹಾಕಬಹುದು. ಕೊಡಗಿನ ಅರಸರು ಅದನ್ನು ಮಾಡಿದ್ದರು. ಲಿಂಗರಾಜೇಂದ್ರನು 1812ರಿಂದ ಮುಂದೆ ನಡೆಸಿದ ಶಿಸ್ತಿನ ಲೆಕ್ಕದಲ್ಲಿ ಗದ್ದೆಗಳು ದಾಖಲಾದುವು. ಅಳತೆ ಎಕರೆಯಲ್ಲ, ಭತ್ತದ ಹುಟ್ಟುವಳಿಯಿಂದ ಗೊತ್ತಾಗುವ ಭಟ್ಟಿ. ಭೂಮಿಯ ಹಿಡುವಳಿಯಲ್ಲಿ ಹಲವು ತರಹಗಳಿದ್ದುವು: ಜಮ್ಮ, ಸಾಗು, ಉಂಬಳಿ, ಜೋಡಿ, ಭಟಮಾನ್ಯ. ಸಾಮಾನ್ಯ ರೈತನ ಸಾಗು ಗದ್ದೆಗೆ ನೂರು ಭಟ್ಟಿಗೆ ಹತ್ತು ರೂಪಾಯಿ ಕಂದಾಯವಾದರೆ ಜಮ್ಮಕ್ಕೆ ಐದೇ ರೂಪಾಯಿ. ಈ ರಿಯಾಯಿತಿ ಬಿಟ್ಟಿಯದಲ್ಲ. ಜಮ್ಮದವನು ಅರಸ ಕರೆದಾಗ ಕತ್ತಿ ಕೋವಿ ಹಿಡಿದು ಹೋಗಬೇಕು, ಕಾವಲಿಗೆ ನಿಲ್ಲಬೇಕು. ಜಮ್ಮ ಎಂಬ ಮಾತೇ ಜನ್ಮ ಎಂಬುದರಿಂದ ಬಂದದ್ದು. ಹುಟ್ಟಿನಿಂದ ಬಂದ ಹಕ್ಕು. ಜಮ್ಮದ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ 1861ರಷ್ಟು ಹಿಂದೆಯೇ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು ಎಂಬುದನ್ನು ನೋಡಿದರೆ, ಹಳೆಯ ಒಪ್ಪಂದದ ಒಂದು ತುಂಡು ಇನ್ನೂ ಉಳಿದಿದೆ ಎನ್ನಬೇಕು.

ಗದ್ದೆಗೆ ಅಂಟಿಕೊಂಡಂತೆ ಬಾಣೆ. ಇದು ಗದ್ದೆಯ ಬಗಲಿನ ಏರುನೆಲ, ಕಾಡು. ದನ ಮೇಯಲಿಕ್ಕೆ, ಗೊಬ್ಬರಕ್ಕೆ ಸೊಪ್ಪು ತರಲಿಕ್ಕೆ, ಸೌದೆಗೆ, ಮನೆಯ ಮರಮುಟ್ಟಿಗೆ ಎಂದು ಕಂದಾಯವಿಲ್ಲದೆ ಬಿಟ್ಟ ಜಾಗ. ಬಾಣೆ ಇರುವುದು ಗದ್ದೆಗೋಸ್ಕರ. ಗದ್ದೆಯನ್ನು ಬಿಟ್ಟು ಬಾಣೆಗೆ ಬೇರೆ ಬಾಳಿಲ್ಲ. ಇವುಗಳ ಆಚೆಗೆ ದೇವರಕಾಡು. ಅಲ್ಲಿ ಕೊಡಲಿ ಆಡಿಸುವಂತಿಲ್ಲ. ಊರವರು ಕೂಡಿ ಕೋಲಾಟ ಆಡುವ ಮಂದ್ ಯಾರೊಬ್ಬನ ಸ್ವತ್ತೂ ಅಲ್ಲ. ಇಂಥ ನೆಲದಲ್ಲಿ ಇಂಥದು, ಇಂಥದಲ್ಲಿ ಇದು ಕೂಡದು ಎಂದು ಹೇಳಲು ತಕ್ಕರಿದ್ದರು: ಊರಿಗೊಬ್ಬ, ನಾಡಿಗೊಬ್ಬ. ಫ್ರಾಂಕ್‌ಫರ್ಟಿನವರು ಬಣ್ಣದಲ್ಲಿ ಬರೆದದ್ದನ್ನು ಇವರು ಹೆಸರಿನಲ್ಲಿ ಬರೆದಿದ್ದರು. ಬಾಣೆ ಎಂದಮೇಲೆ ಅದರ ಉಪಯೋಗವನ್ನು ಬೇರೆ ಹೇಳಬೇಕಾಗಿರಲಿಲ್ಲ.

ಇನ್ನು ಮುಪ್ಪಿನ ಮಾತು. ಜಮ್ಮದ ನೆಲ ಒಬ್ಬ ವ್ಯಕ್ತಿಯದಲ್ಲ, ಒಕ್ಕದ್ದು. ಒಕ್ಕವೆಂದರೆ ಒಬ್ಬ ಮೂಲಪುರುಷನ ಗಂಡು ಸಂತತಿಯೂ ಅವರನ್ನು ಮದುವೆಯಾಗಿ ಬಂದ ಹೆಂಗಸರೂ ಸೇರಿದ ಮನೆತನ. ಪ್ರೊಫೆಸರ್ ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥ ಲೋಕಪ್ರಸಿದ್ಧವಾದದ್ದು. ಅದರ ಬೆನ್ನೆಲುಬು ಈ ಒಕ್ಕವೇ. ಭೂಮಿ ಪಟ್ಟೇದಾರನ ಹೆಸರಿನಲ್ಲಿ ಇರುತ್ತಿತ್ತು. ಪಟ್ಟೇದಾರನೆಂದರೆ ಒಕ್ಕದಲ್ಲಿ ಎಲ್ಲರಿಗಿಂತ ಹಿರಿಯ ಗಂಡಸು. ಅವನು ಅದನ್ನು ಮಾರುವಂತಿಲ್ಲ, ಅಡವು ಹಾಕುವಂತಿಲ್ಲ, ಪಾಲು ಮಾಡುವಂತಿಲ್ಲ. ಇಂಗ್ಲಿಷರೂ ಈ ನಿಯಮವನ್ನು ಬಿಡಲಿಲ್ಲ. 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಷನ್ನಿನ ಕಾಲದಲ್ಲೂ ಜಮ್ಮವೆಂದರೆ ಪರಾಧೀನ ಮಾಡಲಾಗದ ನೆಲವೆಂದೇ ನಡೆಯಿತು.

ಇದರ ಫಲವೇನು? ವಯಸ್ಸಾದವನ ಕೈಯಿಂದ ಭೂಮಿ ಜಾರಿಹೋಗಲು ದಾರಿಯೇ ಇರಲಿಲ್ಲ. ಮಗ ಮುನಿದರೂ ಅಣ್ಣನ ಮಗನಿದ್ದಾನೆ. ಅವನೂ ಇಲ್ಲದಿದ್ದರೆ ಒಕ್ಕವಿದೆ. ಮದುವೆಯ ದಿನ ಹೆಣ್ಣಿಗೆ ಸಣ್ಣ ಹರಳುಕಲ್ಲುಗಳನ್ನು ಕೊಟ್ಟು ಗಂಡನ ಒಕ್ಕದಲ್ಲಿ ಅವಳಿಗೆ ಹಕ್ಕು ಒಪ್ಪಿಸುವ ಶಾಸ್ತ್ರವೊಂದುಂಟು. ಸಮ್ಮಂಧ ಕೊಡ್ಪ ಎಂದು ಅದಕ್ಕೆ ಹೆಸರು. ನೋಡುವವರಿಗೆ ಆಟದಂತೆ ಕಂಡರೂ ಅದು ನೆಲದ ಕರಾರು. ನಾಳೆ ವಿಧವೆಯಾದರೆ, ಮುದುಕಿಯಾದರೆ, ಆ ಮನೆಯ ಅಕ್ಕಿಯಲ್ಲಿ ಅವಳಿಗೆ ಪಾಲುಂಟು ಎಂಬ ಮಾತಿಗೆ ಆ ಹರಳುಗಳೇ ಸಾಕ್ಷಿ.

ಐನ್‌ಮನೆಯ ಕಟ್ಟಡವನ್ನು ನೋಡಿದರೂ ಇದೇ ತೋರುತ್ತದೆ. ಏರಿನ ಮೇಲೆ, ಗದ್ದೆಯ ಕಡೆಗೆ ಮುಖಮಾಡಿ ನಿಂತ ಮನೆ. ಮುಂದೆ ಕಂಬಸಾಲಿನ ಕಯ್ಯಾಲೆ. ಕಂಬಗಳ ನಡುವೆ ಅಗಲವಾದ ಐಮರದ ಹಲಗೆ. ಒಳಗೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುದೀಪ. ಐಮರದ ಮೇಲೆ ಕೂರುವುದು ಹಿರಿಯರ ಹಕ್ಕು. ಅಲ್ಲಿ ಕುಳಿತವನಿಗೆ ಗದ್ದೆಯ ಕೆಲಸ ಕಾಣುತ್ತದೆ, ದಾರಿಯಲ್ಲಿ ಬರುವವರು ಕಾಣುತ್ತಾರೆ, ಒಳಗಿನ ಮಾತು ಕೇಳುತ್ತದೆ. ಕೈಲಾಗದವನನ್ನು ಮೂಲೆಗೆ ಹಾಕದೆ ಮನೆಯ ಬಾಗಿಲಲ್ಲೇ ಕೂರಿಸುವ ಏರ್ಪಾಡು ಇದು. ಸತ್ತಮೇಲೂ ಅವನಿಗೆ ಜಾಗವುಂಟು. ಅಂಗಳದಾಚೆ ಕೈಮಡದಲ್ಲಿ ಮೂಲಪುರುಷನಾದ ಕಾರಣವನಿಗೆ ಎಡೆ ಸಲ್ಲುತ್ತದೆ. ಒಂದೊಂದು ಐನ್‌ಮನೆಯಲ್ಲಿ ನೂರಕ್ಕೂ ಮಿಕ್ಕ ಜನ ಇದ್ದರೆಂದು ಹಿಂದಿನವರು ಬರೆದಿದ್ದಾರೆ. ಅಷ್ಟು ಜನರಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕನಿಗೆ ಗಂಜಿ ಕುಡಿಸುವವರು ಯಾರಾದರೂ ಸಿಕ್ಕಿಯೇ ಸಿಗುತ್ತಿದ್ದರು.

ಇದನ್ನೆಲ್ಲ ಹೇಳಿ ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಮುಗಿಸುವವರುಂಟು. ಅದು ಅರ್ಧ ಮಾತು. ಆ ಗದ್ದೆಗಳನ್ನು ಉತ್ತು ನೆಟ್ಟವರಲ್ಲಿ ನೆಲಕ್ಕೇ ಅಂಟಿಸಿದ ಜೀತದಾಳುಗಳಿದ್ದರು. ಗುಲಾಮಗಿರಿಗೆ ಕಾನೂನಿನ ಬಲ ಇಲ್ಲವೆಂದು 1843ರಲ್ಲಿ ಕಾಯಿದೆಯಾದರೂ ಬಾಳು ಒಮ್ಮೆಗೇ ಬದಲಾಗಲಿಲ್ಲ. ಯರವರ ಮುದುಕನಿಗೆ ಯಾವ ಐಮರ? ಹಾಡಿಯ ಗುಡಿಸಲಲ್ಲಿ, ತೋಟದ ಲೈನ್‌ಮನೆಯಲ್ಲಿ ದುಡಿಯುವ ಶಕ್ತಿ ಉಡುಗಿದವನಿಗೆ ಒಕ್ಕದ ಆಸರೆ ಇರಲಿಲ್ಲ. ಜಮ್ಮವಿದ್ದವನಿಗೆ ಮುಪ್ಪಿನ ವಿಮೆಯಿತ್ತು, ಇಲ್ಲದವನಿಗೆ ಇರಲಿಲ್ಲ. ಮುಂದೆ ಬರುವ ಮಾತಿಗೂ ಇದು ಬೇಕಾಗುತ್ತದೆ.

ಗಂಟು ಸಡಿಲವಾಗತೊಡಗಿದ್ದು ಕಾಫಿಯಿಂದ. ಮಡಿಕೇರಿಯ ಬಳಿ 1854ರಲ್ಲಿ ಫೌಲರ್ ಎಂಬ ದೊರೆ ಮೊದಲ ಯೂರೋಪಿಯನ್ ತೋಟ ಎಬ್ಬಿಸಿದನು. ನೋಡುನೋಡುತ್ತ ಬೆಟ್ಟಗಳು ಬದಲಾದುವು. ಸೊಪ್ಪುಸೌದೆಗಳಿಗೆಂದು ಬಿಟ್ಟ ಬಾಣೆ ಈಗ ಹಣದ ಬೆಳೆ ಕೊಡುವ ನೆಲವೆಂದು ಒಕ್ಕದವರಿಗೂ ಹೊಳೆಯಿತು. ಗದ್ದೆ ಎಲ್ಲರದೂ ಆಗಿ ಉಳಿಯಿತು. ಬಾಣೆಯಲ್ಲಿ ಕಾಫಿ ಇಟ್ಟವನು ತನ್ನ ದುಡಿಮೆಯ ತೋಟ ತನ್ನದೆಂದನು, ಅದರ ನಡುವೆ ಬೇರೆ ಮನೆ ಕಟ್ಟಿದನು. ಗದ್ದೆಯ ಸೇವೆಗಿದ್ದ ಬಾಣೆ ಗದ್ದೆಯನ್ನು ಮೀರಿಸಿತು. ಹೆಸರು ಬಾಣೆಯಾಗಿಯೇ ಉಳಿದು ಉಪಯೋಗ ಬದಲಾಯಿತು. ಕೊಡಗಿನಲ್ಲಿ ನಡೆದ ಮೊದಲ ದೊಡ್ಡ ಭೂಪರಿವರ್ತನೆ ಇದೇ. ಇದಕ್ಕೆ ಒಬ್ಬೊಬ್ಬರಾಗಿ ಅರ್ಜಿ ಹಾಕಿದವರಿಲ್ಲ, ಪ್ರಕಟಣೆ ಇಲ್ಲ, ಆಕ್ಷೇಪಣೆ ಕೇಳಿದವರೂ ಇಲ್ಲ. ದೇವರಕಾಡುಗಳೂ ಉಳಿಯಲಿಲ್ಲ. 1905ರಲ್ಲಿ 6,277 ಹೆಕ್ಟೇರಿದ್ದ ದೇವರಕಾಡು 1985ರ ಹೊತ್ತಿಗೆ 2,550 ಹೆಕ್ಟೇರಿಗೆ ಇಳಿದಿತ್ತು. ದೇವರ ಭಯವೊಂದೇ ಗಡಿಕಲ್ಲಾದರೆ ಆಗುವುದು ಇಷ್ಟೇ.

ಐನ್‌ಮನೆಗಳು ಬರಿದಾಗುತ್ತ ಹೋದುವು. ಸೈನ್ಯ, ಸರ್ಕಾರಿ ನೌಕರಿ, ಆ ಮೇಲೆ ಬೆಂಗಳೂರು, ಆ ಮೇಲೆ ಹೊರದೇಶ. ಒಂದು ಕಾಲದಲ್ಲಿ ದಾರಿ ಎರಡು ಕಡೆಗೂ ಇತ್ತು: ಹೋದವರು ನಿವೃತ್ತರಾಗಿ ಹಿಂದಿರುಗುತ್ತಿದ್ದರು. ಸ್ವತಂತ್ರ ಭಾರತದ ಭೂಸೈನ್ಯಕ್ಕೆ 1949ರಲ್ಲಿ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರೂ ಮಡಿಕೇರಿಯ ರೋಶನಾರಾದಲ್ಲಿ ಬಂದು ನೆಲೆಸಿದರು. ಈಗ ಮಕ್ಕಳು ಹೋಗುತ್ತಾರೆ, ತಂದೆತಾಯಿ ಉಳಿಯುತ್ತಾರೆ. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561, 2011ರಲ್ಲಿ 5,54,519. ಹತ್ತು ವರ್ಷದಲ್ಲಿ ನೂರಕ್ಕೆ ಒಂದರಷ್ಟು ಏರಿಕೆ. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ ನೂರಕ್ಕೆ ಹದಿನೈದಕ್ಕೂ ಮೇಲೆ. ಕಕ್ಕಬೆಯಂಥ ಊರಿನ ತೋಟದ ಮನೆಯಲ್ಲಿ ಆಷಾಢದ ಮಳೆ ಹಿಡಿದು, ವಿದ್ಯುತ್ತು ಹೋಗಿ, ನಾಪೋಕ್ಲಿನ ಕಡೆಯ ದಾರಿಯಲ್ಲಿ ಮರ ಬಿದ್ದಿದೆ ಎನ್ನಿ. ಎಪ್ಪತ್ತೈದು ದಾಟಿದ ದಂಪತಿಗಳಲ್ಲಿ ಒಬ್ಬರು ಸ್ನಾನದ ಮನೆಯಲ್ಲಿ ಜಾರಿದರೆ ಮತ್ತೊಬ್ಬರು ಏನು ಮಾಡಬೇಕು? ದೊಡ್ಡ ಆಸ್ಪತ್ರೆ ಇರುವುದು ಮಡಿಕೇರಿಯಲ್ಲಿ. ಅಂಕಿಅಂಶಗಳ ಹಿಂದೆ ಇರುವುದು ಈ ಗಾಬರಿ.

ಇಲ್ಲಿಗೇ ಬರುತ್ತದೆ ಆರೈಕೆಯುಳ್ಳ ವಸತಿ. ಇದಕ್ಕೂ ನಾವು ಬಹುಕಾಲದಿಂದ ಬಲ್ಲ ವೃದ್ಧಾಶ್ರಮಕ್ಕೂ ವ್ಯತ್ಯಾಸವುಂಟು. ವೃದ್ಧಾಶ್ರಮದ ಮೂಲ ಧರ್ಮಬುದ್ಧಿ. ಫ್ರಾನ್ಸಿನಲ್ಲಿ 1839ರಲ್ಲಿ ಜಾನ್ ಜುಗಾನ್ ಎಂಬ ಸಾಧ್ವಿ ದಿಕ್ಕಿಲ್ಲದ ಕುರುಡಿ ಮುದುಕಿಯೊಬ್ಬಳನ್ನು ತನ್ನ ಮನೆಗೆ ಕರೆತಂದಳು. ಅವಳಿಂದ ಹುಟ್ಟಿದ ಸೋದರಿಯರ ಸಂಸ್ಥೆ 1882ರಲ್ಲಿ ಕಲ್ಕತ್ತೆಗೆ ಬಂದು, ಮುಂದೆ ಬೆಂಗಳೂರಿನಲ್ಲೂ ಮನೆ ಮಾಡಿತು. ಅಲ್ಲಿ ಬಡವರಿಗೆ ಅನ್ನ, ಹಾಸಿಗೆ, ಸೇವೆ. ಆರೈಕೆಯ ವಸತಿ ಎಂಬುದಾದರೋ ತೀರ ಈಚಿನದು. ಅಮೆರಿಕದ ಕೆರೆನ್ ಬ್ರೌನ್ ವಿಲ್ಸನ್ ಎಂಬಾಕೆ 1983ರಲ್ಲಿ ಆರೆಗನ್ ಸಂಸ್ಥಾನದಲ್ಲಿ ಇಂಥ ಮೊದಲ ಮನೆಗಳಲ್ಲಿ ಒಂದನ್ನು ತೆರೆದಳು. ಅವಳ ತಾಯಿ ಐವತ್ತೈದನೆಯ ವಯಸ್ಸಿನಲ್ಲೇ ಪಾರ್ಶ್ವವಾಯು ಬಡಿದು, ಉಳಿದ ಬಾಳನ್ನು ಶುಶ್ರೂಷಾಲಯಗಳಲ್ಲಿ ಕಳೆಯಬೇಕಾಗಿ ಬಂದಿತ್ತು. ಅಲ್ಲಿ ತಾಯಿಗೆ ಇಲ್ಲದೆಹೋದ ಸಣ್ಣ ಸಣ್ಣ ಸ್ವಾತಂತ್ರ್ಯಗಳೇ ಮಗಳ ಯೋಜನೆಗೆ ಮೂಲ. ಒಳಗಿನಿಂದ ಬೀಗ ಹಾಕಿಕೊಳ್ಳಬಹುದಾದ ಬಾಗಿಲು, ಸ್ವಂತ ಒಲೆ, ತನ್ನದೇ ಕುರ್ಚಿ ಮಂಚ. ಸ್ನಾನಕ್ಕೆ, ಔಷಧಿಗೆ, ರಾತ್ರಿಯ ಹೊತ್ತು ಕರೆದರೆ ಒಬ್ಬ ಸಹಾಯಕಿ. ರೋಗಿಯಲ್ಲ, ಬಾಡಿಗೆದಾರ. ಐಮರದ ಮೇಲೆ ಕೂರುವ ಹಕ್ಕನ್ನು ಬೇರೊಂದು ಮನೆಯಲ್ಲಿ ದುಡ್ಡು ಕೊಟ್ಟು ಪಡೆಯುವುದು ಎಂದರೆ ತಪ್ಪಾಗದು.

ಈ ಮನೆ ಎಲ್ಲಿ ಕಟ್ಟಬೇಕು? ಮಡಿಕೇರಿಯಂಥ ಪಟ್ಟಣದಲ್ಲಾದರೆ ಯೋಜನಾ ಪ್ರಾಧಿಕಾರದ ಗೊಡವೆ. ಹಳ್ಳಿಯ ಬೇಸಾಯದ ನೆಲದಲ್ಲಾದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಜಿಲ್ಲಾಧಿಕಾರಿಯ ಅಪ್ಪಣೆ ಬೇಕು. ಸಾರ್ವಜನಿಕರ ಹಿತಕ್ಕೆ ಬಾಧಕವೆಂದು ಕಂಡರೆ ಅವರು ನಿರಾಕರಿಸಬಹುದು, ಷರತ್ತು ಹಾಕಿಯೂ ಕೊಡಬಹುದು. ಕೊಡಗಿನಲ್ಲಿ ಇದಕ್ಕೆ ಮುಂಚೆ ಇನ್ನೊಂದು ಬಾಗಿಲು ದಾಟಬೇಕು. ಜಮ್ಮಾ ಬಾಣೆ ಯಾರದು? ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೇದಾರನ ಹೆಸರು. ಅನುಭವದಲ್ಲಿ ಹತ್ತಾರು ಜನ. ಹೈಕೋರ್ಟಿನ ಪೂರ್ಣಪೀಠದವರೆಗೆ ಹೋದ ಮೊಕದ್ದಮೆಗಳು, 2011ರ ತಿದ್ದುಪಡಿ, ಅದರ ಮೇಲೆ ಮತ್ತಷ್ಟು ಚರ್ಚೆ, ಎಲ್ಲವೂ ಈ ಗೋಜಲನ್ನು ಬಿಡಿಸಲಿಕ್ಕೇ. ಒಂದು ಕಾಲಕ್ಕೆ ಮುದುಕನನ್ನು ಕಾಪಾಡಿದ ಅವಿಭಾಜ್ಯತೆಯೇ ಈಗ ಅವನಿಗೆ ಅಡ್ಡಿ. ತನ್ನ ಪಾಲಿನ ಎರಡು ಎಕರೆಯನ್ನು ಮಾರಿ ಆರೈಕೆಯ ಮನೆಯಲ್ಲಿ ಒಂದು ಕೋಣೆ ಹಿಡಿಯೋಣವೆಂದರೆ ದಾಯಾದಿಗಳ ಸಹಿ ಸಿಗದು.

ಸಹಿ ಸಿಕ್ಕಿ, ಭೂಮಿ ಪರಭಾರೆಯಾದರೂ ನಿಶ್ಚಿಂತೆಯಿಲ್ಲ. ತಂದೆತಾಯಿಗಳ ಪೋಷಣೆಯ 2007ರ ಕಾಯಿದೆಯಲ್ಲಿ 23ನೆಯ ಪ್ರಕರಣವೊಂದಿದೆ. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವನು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದುಮಾಡಿಸಬಹುದು. ಕಾನೂನು ಬಲ್ಲವರಿಗೆ ಇದು ಹೊಸದಾಗಿ ಕಾಣಬಹುದು; ಹರಳುಕಲ್ಲಿನ ಶಾಸ್ತ್ರ ಬಲ್ಲವರಿಗೆ ಹೊಸದಲ್ಲ. ಅದೇ ಕಾಯಿದೆಯ 19ನೆಯ ಪ್ರಕರಣ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಜನ ನಿರ್ಗತಿಕರಿಗೆ ಸ್ಥಳ ಇರಬೇಕೆಂಬ ಗುರಿಯನ್ನಿಟ್ಟಿದೆ. ಲೈನ್‌ಮನೆಯ ಮುದುಕನಿಗೆ ಸಂಬಂಧಿಸಿದ ಮಾತು ಇದೇ. ಖಾಸಗಿ ಆರೈಕೆಯ ವಸತಿ ಎಷ್ಟೇ ಚೆನ್ನಾಗಿರಲಿ, ತಿಂಗಳ ಹಣ ಕೊಡಬಲ್ಲವರಿಗೆ ಮಾತ್ರ. ಇದನ್ನು ಕಟ್ಟಿದೆವೆಂದು ಅದನ್ನು ಮರೆಯುವಂತಾಗಬಾರದು.

ಇನ್ನು ಬೆಟ್ಟದ ಪಾಡು. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಗಳ ಕಡೆ ಗುಡ್ಡಗಳು ಕುಸಿದು ಮನೆ ತೋಟಗಳು ಕೊಚ್ಚಿಹೋದುವು. ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ನೆಟ್ಟಗೆ ಕಡಿದು ಮಟ್ಟಮಾಡಿದ್ದರ ಪಾಲು ಅದರಲ್ಲಿ ಇತ್ತೆಂದು ಭೂವಿಜ್ಞಾನಿಗಳು ಹೇಳಿದರು. ಕಕ್ಕಬೆಯ ಸುತ್ತಿನ ಪಡಿನಾಲ್ಕುನಾಡು ಮೀಸಲು ಅರಣ್ಯ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲೊಂದು. ಇಂಥ ಕಡೆ ಮುದುಕರ ಹೆಸರು ಹೇಳಿ ಗುಡ್ಡ ಕಡಿದು ಮೂರಂತಸ್ತು ಎಬ್ಬಿಸಿದರೆ, ಅದು ಮುದುಕರಿಗೂ ಕ್ಷೇಮವಲ್ಲ. ಇನ್ನೊಂದು ಅನುಮಾನವನ್ನೂ ಮುಚ್ಚಿಡುವುದೇಕೆ? ಇಂದು ವೃದ್ಧನಿವಾಸವೆಂದು ಅಪ್ಪಣೆ ಪಡೆದದ್ದು ಐದು ವರ್ಷದಲ್ಲಿ ಪ್ರವಾಸಿಗರ ವಸತಿಗೃಹವಾಗುವುದಿಲ್ಲ ಎಂಬುದಕ್ಕೆ ಭರವಸೆ ಏನು? ಬಾಣೆ ಕಾಫಿಯಾದ ನಾಡಿನಲ್ಲಿ ಈ ಅನುಮಾನ ಅಕಾರಣವಾದದ್ದಲ್ಲ.

ಆದರೂ ಬೇಡವೆಂದುಬಿಡುವುದು ಸುಲಭದ ದಾರಿ. ಸರಿಯಾದ ದಾರಿಯೆಂದು ನನಗೆ ತೋರುವುದಿಲ್ಲ. ಬೆಂಗಳೂರಿನ ಹೊರವಲಯದ ಹತ್ತನೆಯ ಮಹಡಿಗೆ ತೋಟದ ಮುದುಕಿಯನ್ನು ಸಾಗಿಸುವುದಕ್ಕಿಂತ ಅವಳ ಭಾಷೆ ಬಲ್ಲವರು, ಅವಳ ಪುತ್ತರಿ ಬಲ್ಲವರು ಇರುವ ಕಡೆಯಲ್ಲೇ ಹನ್ನೆರಡು ಹದಿನೈದು ಕೋಣೆಗಳ ಮನೆಯೊಂದಿದ್ದರೆ ಮೇಲು. ಅಪ್ಪಣೆ ಕೊಡಲಿ, ಜಮ್ಮದ ಅಪ್ಪಣೆಯಂತೆ ಕೊಡಲಿ: ಕೆಲಸಕ್ಕೆ ಕಟ್ಟುಬಿದ್ದ ಅಪ್ಪಣೆ, ಕೆಲಸ ತಪ್ಪಿದರೆ ನೆಲ ಹಿಂದಿನಂತೆ ಬೇಸಾಯದ ನೆಲ. ಬರಿದಾದ ಐನ್‌ಮನೆಗಳ ಪಕ್ಕದಲ್ಲೇ, ಆಗಲೇ ಮಟ್ಟಮಾಡಿದ ಕಣದಲ್ಲಿ, ಒಕ್ಕದವರು ಕೂಡಿ ಇಂಥದನ್ನು ಕಟ್ಟಬಹುದಾದರೆ ಹೊಸ ಗುಡ್ಡ ಕಡಿಯಬೇಕಾಗಿಯೂ ಇಲ್ಲ. ಮನೆಯ ಒಳಗು ಹೇಗಿರಬೇಕೆಂಬುದಕ್ಕೆ ಕೇಂದ್ರ ಸರ್ಕಾರದ ವಸತಿ ಇಲಾಖೆ 2019ರಲ್ಲಿ ಮಾದರಿ ಸೂಚನೆಗಳನ್ನು ಹೊರಡಿಸಿದೆ. ಗಾಲಿಕುರ್ಚಿ ಹಾಯುವ ಬಾಗಿಲು, ಜಾರದ ನೆಲ, ಕೈಗೆಟಕುವ ಕರೆಗಂಟೆ. ಕಟ್ಟಿದವನು, ಸೇವೆ ಒದಗಿಸುವವನು, ಬಂದು ಇರುವವನು ಈ ಮೂವರ ನಡುವೆ ಬರೆದ ಕರಾರು. ಸೂಚನೆಗಳು ಮಾದರಿಗಳು ಮಾತ್ರ; ರಾಜ್ಯಗಳು ಅವನ್ನು ಅಂಗೀಕರಿಸಿ ನಿಯಮವಾಗಿಸಬೇಕು.

ಭೂಪರಿವರ್ತನೆಯ ಅರ್ಜಿಯಲ್ಲಿ ಉದ್ದೇಶವನ್ನು ಬರೆಯಬೇಕಾದ ಒಂದು ಅಂಕಣವುಂಟು. ವಾಸ, ವಾಣಿಜ್ಯ, ಕೈಗಾರಿಕೆ ಎಂದು ಉದ್ದೇಶಕ್ಕೆ ತಕ್ಕಂತೆ ಶುಲ್ಕವೂ ಬೇರೆಯಾಗುತ್ತದೆ. ಆರೈಕೆಯ ಮನೆ ಇವುಗಳಲ್ಲಿ ಯಾವುದು? ವಾಸವೆಂದರೆ ದಾದಿಯರೂ ಔಷಧಿಯೂ ಏಕೆ ಎಂದು ಕೇಳುತ್ತಾರೆ. ವಾಣಿಜ್ಯವೆಂದರೆ ವಸತಿಗೃಹಕ್ಕೂ ಇದಕ್ಕೂ ಭೇದವೇ ಉಳಿಯುವುದಿಲ್ಲ. ಗದ್ದೆ, ಬಾಣೆ, ದೇವರಕಾಡು, ಮಂದ್ ಎಂದು ಒಂದೊಂದು ಉಪಯೋಗಕ್ಕೂ ಒಂದೊಂದು ಹೆಸರಿಟ್ಟ ನಾಡಿನಲ್ಲಿ, ಈ ಮನೆ ನಿಲ್ಲುವ ನೆಲಕ್ಕೂ ಅದರದೇ ಹೆಸರಿನ ಅಂಕಣವೊಂದು ಆ ಕಾಗದದಲ್ಲಿ ಬರಬೇಕಾಗಿದೆ.